ಸಂತೆಯ ದಿನ ದಂತವೈದ್ಯರು ಬರಲಿ

ಹಳ್ಳಿಯ ಬಡವರ ಹಲ್ಲಿಗೆ ನಮ್ಮಲ್ಲಿ ಸಿಗುವ ಚಿಕಿತ್ಸೆ ಹೆಚ್ಚುಕಡಿಮೆ ಒಂದೇ, ಕೀಳಿಸುವುದು. ಅದಕ್ಕೂ ತಾಲ್ಲೂಕಿನ ತನಕ ಹೋಗಬೇಕು. ಹಲ್ಲು ಉಳಿಸಿಕೊಳ್ಳಬೇಕೆಂದರೆ ಖಾಸಗಿ ಕ್ಲಿನಿಕ್ಕಿನ ಮೆಟ್ಟಿಲು ಹತ್ತಬೇಕು. ಬೇರಿನ ಚಿಕಿತ್ಸೆ ಮಾಡಿಸಿ ಮೇಲೊಂದು ಕ್ಯಾಪ್ ಹಾಕಿಸುವಷ್ಟರಲ್ಲಿ ಐದಾರು ಸಾವಿರ ರೂಪಾಯಿ ಖರ್ಚು. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಒಂದು ಹಲ್ಲಿಗೆ ಹದಿನೈದು ದಿನದ ದುಡಿಮೆ ಹೋಯಿತು. ಅದಕ್ಕೆ ಮೂರು ನಾಲ್ಕು ಸಲದ ಓಡಾಟ ಸೇರಿಸಿ, ಅಷ್ಟೂ ದಿನದ ಕೂಲಿ ಕಳೆಯಿರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ, ಅದು ಸಣ್ಣ ಅನುಕೂಲವೇನಲ್ಲ. ಆದರೆ ತಪ್ಪಿದ ಕೂಲಿ ಯಾವ ಬಸ್ಸಿನಲ್ಲೂ ವಾಪಸು ಬರುವುದಿಲ್ಲ. ಇಷ್ಟೆಲ್ಲ ಲೆಕ್ಕ ಹಾಕಿದ ತಾಯಿ "ಕಿತ್ತುಬಿಡಿ ಡಾಕ್ಟ್ರೇ" ಅನ್ನುತ್ತಾಳೆ. ಅವಳನ್ನು ಅಜ್ಞಾನಿ ಎಂದು ಕರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವಳ ಲೆಕ್ಕ ಸರಿಯಾಗಿಯೇ ಇದೆ. ತಪ್ಪಿರುವುದು ನಾವು ಆಸ್ಪತ್ರೆಗಳನ್ನು ಕಟ್ಟಿರುವ ಜಾಗದಲ್ಲಿ ಮತ್ತು ಅವನ್ನು ತೆರೆಯುವ ದಿನದಲ್ಲಿ.

ಮೊದಲು ಒಂದು ಹಲ್ಲಿನ ವಿಷಯ ಹೇಳಬೇಕು, ಯಾಕೆಂದರೆ ಹಳ್ಳಿಗಳಲ್ಲಿ ಎಲ್ಲಕ್ಕಿಂತ ಅನ್ಯಾಯವಾಗಿ ಹಾಳಾಗುವ ಹಲ್ಲು ಇದು. ಮಗುವಿಗೆ ಆರು ವರ್ಷ ತುಂಬುವ ಹೊತ್ತಿಗೆ, ಇರುವ ಹಾಲುಹಲ್ಲುಗಳ ಹಿಂದೆ, ಬಾಯಿಯ ಕೊನೆಯಲ್ಲಿ ಒಂದು ದೊಡ್ಡ ದವಡೆ ಹಲ್ಲು ಮೂಡುತ್ತದೆ. ಮೇಲೆ ಎರಡು, ಕೆಳಗೆ ಎರಡು. ಅದಕ್ಕಾಗಿ ಯಾವ ಹಾಲುಹಲ್ಲೂ ಬಿದ್ದು ಜಾಗ ಬಿಟ್ಟಿರುವುದಿಲ್ಲ. ಹಾಗಾಗಿ ಅದು ಬಂದದ್ದೇ ಮನೆಯವರಿಗೆ ತಿಳಿಯದು. ತಿಳಿದರೂ ಹಾಲುಹಲ್ಲು ಇರಬೇಕು, ಬಿದ್ದು ಬೇರೆ ಬರುತ್ತದೆ ಎಂದುಕೊಳ್ಳುತ್ತಾರೆ. ಬರುವುದಿಲ್ಲ. ಅದು ಜೀವನಪೂರ್ತಿ ಸೊಪ್ಪು, ಕಾಳು, ರೊಟ್ಟಿ, ಕಡಲೆ ಎಲ್ಲವನ್ನೂ ಅಗಿಯಬೇಕಾದ ಹಲ್ಲು. ಅದರ ಮೇಲ್ಭಾಗದಲ್ಲಿ ಆಳವಾದ ಗೀರುಗಳಿರುತ್ತವೆ. ಶಾಲೆಯ ಪಕ್ಕದ ಅಂಗಡಿಯ ಐದು ರೂಪಾಯಿ ಬಿಸ್ಕತ್ತು ಆ ಗೀರುಗಳಲ್ಲಿ ಅಂಟಿಕೊಳ್ಳುತ್ತದೆ, ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲ ಮಾಡುತ್ತವೆ, ಆಮ್ಲ ಹಲ್ಲಿನ ಹೊರಪದರವನ್ನು ಕರಗಿಸುತ್ತದೆ. ಮೊದಲು ಒಂದು ಬಿಳಿ ಮಚ್ಚೆ, ಆಮೇಲೆ ಕಪ್ಪು ಚುಕ್ಕೆ, ಆಮೇಲೆ ಗುಳಿ. ನೋವು ಬರುವುದು ಕಟ್ಟಕಡೆಗೆ, ಗುಳಿ ನರದ ಹತ್ತಿರ ಹೋದಾಗ. ಅಷ್ಟು ಹೊತ್ತಿಗೆ ಮಗುವಿಗೆ ಒಂಬತ್ತೋ ಹತ್ತೋ ವರ್ಷ. ಐದನೇ ಕ್ಲಾಸಿನ ಮಗು ಶಾಶ್ವತ ಹಲ್ಲು ಕೀಳಿಸಿಕೊಂಡು ಮನೆಗೆ ಹೋಗುತ್ತದೆ. ಬಿಳಿ ಮಚ್ಚೆಯಿಂದ ಗುಳಿಯ ತನಕ ಇದ್ದ ಅಷ್ಟು ಕಾಲದಲ್ಲಿ ಯಾರಾದರೂ ಒಮ್ಮೆ ಟಾರ್ಚ್ ಹಿಡಿದು ನೋಡಿ, ಹತ್ತು ನಿಮಿಷ ಕೆಲಸ ಮಾಡಿದ್ದರೆ ಸಾಕಿತ್ತು.

ನೋವು ಬಂದ ರಾತ್ರಿ ಹಳ್ಳಿಯ ಮನೆಗಳಲ್ಲಿ ಏನು ನಡೆಯುತ್ತದೆ ಎಂಬುದು ನಮಗೆಲ್ಲ ಗೊತ್ತು. ಲವಂಗ ಜಜ್ಜಿ ಇಡುತ್ತಾರೆ. ಉಪ್ಪುನೀರು ಮುಕ್ಕಳಿಸುತ್ತಾರೆ. ಇವೆರಡರಿಂದ ಸ್ವಲ್ಪ ಹೊತ್ತು ಆರಾಮ ನಿಜವಾಗಿಯೂ ಸಿಗುತ್ತದೆ. ಕೆಲವು ಕಡೆ ಗುಳ್ಳಬದನೆ ಬೀಜದ ಹೊಗೆ ಕೊಟ್ಟು ಹಲ್ಲಿನ ಹುಳ ತೆಗೆಯುವವರು ಇನ್ನೂ ಇದ್ದಾರೆ. ಹಲ್ಲಿನಲ್ಲಿ ಹುಳ ಇರುವುದಿಲ್ಲ. ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ನೋವಿನ ಮಾತ್ರೆ ಬರುತ್ತದೆ, ವಾರಗಟ್ಟಲೆ ಖಾಲಿ ಹೊಟ್ಟೆಯಲ್ಲಿ ನುಂಗಿದವರಿಗೆ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ ಬರಬಹುದು. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಎಂಬ ಹೆದರಿಕೆಯಿಂದ ಬಾವು ಬಂದರೂ ಸುಮ್ಮನಿರುವವರಿದ್ದಾರೆ. ಕಣ್ಣಿಗೂ ಹಲ್ಲು ಕೀಳುವುದಕ್ಕೂ ಸಂಬಂಧವಿಲ್ಲ. ಆದರೆ ಕೆಳದವಡೆಯ ಹಲ್ಲಿನ ಸೋಂಕು ಗಲ್ಲದಡಿಗೆ, ಕುತ್ತಿಗೆಗೆ ಇಳಿದರೆ ಉಸಿರಾಟದ ದಾರಿಯೇ ಮುಚ್ಚಿಕೊಂಡು ಪ್ರಾಣ ಹೋಗಬಹುದು. ಹಲ್ಲುನೋವಿನಿಂದ ಸಾಯುವುದುಂಟೇ ಎಂದು ಕೇಳುವವರು ಇದನ್ನು ತಿಳಿದಿರಬೇಕು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಹೊಗೆಸೊಪ್ಪು. ಹಲ್ಲುನೋವಿಗೆಂದು ಒಂದು ಚೂರು ಹೊಗೆಸೊಪ್ಪು ಒತ್ತಿಟ್ಟುಕೊಂಡು, ಅದು ಜೋಮು ಹಿಡಿಸಿ ನೋವು ಮರೆಸಿದ್ದಕ್ಕೆ ದಿನಾ ಇಟ್ಟುಕೊಳ್ಳುವ ಅಭ್ಯಾಸಕ್ಕೆ ಬಿದ್ದ ಹೆಂಗಸರು ಪ್ರತಿ ಊರಿನಲ್ಲೂ ಇದ್ದಾರೆ. ಕೇಳಿ ನೋಡಿ, ಅವರೇ ಹೇಳುತ್ತಾರೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 16 ಮಂದಿ ಜಗಿಯುವ ಅಥವಾ ಬಾಯಲ್ಲಿಡುವ ತಂಬಾಕು ಬಳಸುತ್ತಿದ್ದರು. 2013ರಲ್ಲಿ ನಮ್ಮ ರಾಜ್ಯ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅದೇ ಅಂಗಡಿಯಲ್ಲಿ ತೂಗಾಡುತ್ತಿವೆ. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿ ಎರಡು ದಶಕ ದಾಟಿತು. ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಅಡಿಕೆಯಿಂದ ಬಾಯಿಯ ಒಳಪದರ ಬಿಗಿದುಕೊಂಡು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ನಿಮ್ಮ ಮೂರು ಬೆರಳು ಒಂದರ ಮೇಲೊಂದಾಗಿ ಬಾಯೊಳಗೆ ಹೋಗದಿದ್ದರೆ ತಡಮಾಡದೆ ತೋರಿಸಿ.

ಈಗ ಸರ್ಕಾರದ ಖರ್ಚಿನ ದಿಕ್ಕು ನೋಡಿ. ಹಲ್ಲುನೋವಿಗೆಂದು ಹೊಗೆಸೊಪ್ಪಿನ ಅಭ್ಯಾಸಕ್ಕೆ ಬಿದ್ದ ಹೆಂಗಸಿಗೆ ಬಾಯಿ ಕ್ಯಾನ್ಸರ್ ಬಂದರೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಡಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಗುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಇರಲೇಬೇಕು. ಆದರೆ ಈ ವಿಮೆಯ ಚೌಕಟ್ಟು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವವರಿಗೆ. ಇಪ್ಪತ್ತು ವರ್ಷ ಹಿಂದೆ ಆ ಹುಳುಕು ಹಲ್ಲಿಗೆ ಸಿಮೆಂಟ್ ತುಂಬಿಸಿಕೊಳ್ಳಲು ಅವಳು ಬಂದಿದ್ದರೆ ಅದಕ್ಕೆ ಹಾಸಿಗೆ ಬೇಕಿಲ್ಲ, ದಾಖಲಾತಿ ಬೇಕಿಲ್ಲ, ಹಾಗಾಗಿ ವಿಮೆಯೂ ಇಲ್ಲ. ದವಡೆ ತೆಗೆಯಲು ಹಣವಿದೆ, ಹಲ್ಲು ತುಂಬಲು ಇಲ್ಲ. ಒಂದು ರಾಜ್ಯ ತನ್ನ ಬಡವರ ಬಾಯಿಯನ್ನು ಹೀಗೆ ನೋಡಿಕೊಳ್ಳಬಾರದು.

ತಾಲ್ಲೂಕು ಆಸ್ಪತ್ರೆಯಲ್ಲಿ ದಂತ ವೈದ್ಯರ ಹುದ್ದೆ ಇದೆ, ಎಷ್ಟೋ ಸಮುದಾಯ ಆರೋಗ್ಯ ಕೇಂದ್ರಗಳಲ್ಲೂ ಇದೆ. ವೈದ್ಯರು ಇರುವಲ್ಲಿ ಬಹುಪಾಲು ಶ್ರದ್ಧೆಯಿಂದಲೇ ಕೆಲಸ ಮಾಡುತ್ತಾರೆ. ಅವರ ಕೈ ಕಟ್ಟಿಹಾಕುವುದು ಬೇರೆ ಸಂಗತಿಗಳು. ಹಲ್ಲಿನ ಕುರ್ಚಿಯ ಕಂಪ್ರೆಸರ್ ಕೆಟ್ಟರೆ ರಿಪೇರಿಯವನು ಜಿಲ್ಲಾ ಕೇಂದ್ರದಿಂದ ಬರಬೇಕು. ತುಂಬುವ ಸಾಮಗ್ರಿಗೆ ಅವಧಿ ಇರುತ್ತದೆ, ಮುಗಿದ ಮೇಲೆ ಹೊಸ ಸರಬರಾಜು ಯಾವಾಗ ಬರುತ್ತದೋ. ಕರೆಂಟ್ ಹೋದರೆ ಡ್ರಿಲ್ ನಿಂತಿತು. ಆದರೆ ಇಕ್ಕಳಕ್ಕೆ ಕರೆಂಟ್ ಬೇಡ, ಅರಿವಳಿಕೆ ಚುಚ್ಚುಮದ್ದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹೀಗೆ ಎಲ್ಲ ದಾರಿಗಳೂ ಮುಚ್ಚಿ ಕೊನೆಗೆ ಕೀಳುವ ದಾರಿ ಮಾತ್ರ ತೆರೆದಿರುತ್ತದೆ. ಉಳಿಸುವ ವಿದ್ಯೆಯನ್ನು ಐದು ವರ್ಷ ಕಲಿತು ಬಂದ ವೈದ್ಯರು ದಿನವಿಡೀ ಕೀಳುತ್ತಾ ಕೂರಬೇಕಾಗುತ್ತದೆ.

ಇನ್ನು ಶಿಬಿರಗಳು. ಉಚಿತ ದಂತ ತಪಾಸಣಾ ಶಿಬಿರ ಎಂಬ ಬ್ಯಾನರ್ ನೋಡದ ಊರಿಲ್ಲ. ಕಾಲೇಜಿನ ಬಸ್ ಬರುತ್ತದೆ, ಬಿಳಿ ಕೋಟಿನ ಹುಡುಗರು ಸಾಲಾಗಿ ಬಾಯಿ ನೋಡುತ್ತಾರೆ, ಚೀಟಿಯಲ್ಲಿ ಹುಳುಕಿರುವ ಹಲ್ಲುಗಳ ಸಂಖ್ಯೆ ಬರೆಯುತ್ತಾರೆ, ಕಾಲೇಜಿಗೆ ಬನ್ನಿ ಎನ್ನುತ್ತಾರೆ. ಕಾಲೇಜು ಅರವತ್ತು ಕಿಲೋಮೀಟರ್ ದೂರ. ನೋವಿಲ್ಲದ ಹಲ್ಲಿಗಾಗಿ ಅಷ್ಟು ದೂರ ಹೋಗುವ ಕೂಲಿಯವರು ಎಲ್ಲಿದ್ದಾರೆ? ವಿದ್ಯಾರ್ಥಿಗಳ ಉತ್ಸಾಹವನ್ನು ನಾನು ಮೆಚ್ಚುತ್ತೇನೆ, ಕೆಲವು ಕಾಲೇಜುಗಳು ಸಂಚಾರಿ ಘಟಕ ತಂದು ಸ್ಥಳದಲ್ಲೇ ಚಿಕಿತ್ಸೆ ಮಾಡುವುದನ್ನೂ ಬಲ್ಲೆ. ಆದರೂ ಶಿಬಿರ ಒಂದು ದಿನದ್ದು. ಹಲ್ಲು ಹುಳುಕುವುದು ವರ್ಷವಿಡೀ.

ಕರ್ನಾಟಕದಲ್ಲಿ ದಂತವೈದ್ಯರ ಕೊರತೆ ಇದೆಯೇ? ಇಲ್ಲವೇ ಇಲ್ಲ. ಬೆಂಗಳೂರು ಮತ್ತು ಬಳ್ಳಾರಿಯ ಸರ್ಕಾರಿ ಕಾಲೇಜುಗಳೂ ಸೇರಿ ನಲವತ್ತಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳು ಇಲ್ಲಿವೆ. ಒಂದೊಂದರಲ್ಲಿ ವರ್ಷಕ್ಕೆ ನಲವತ್ತರಿಂದ ನೂರು ಸೀಟು. ಪದವಿ ಮುಗಿಸಿದವರು ನಗರಗಳಲ್ಲಿ ಒಂದೇ ಬೀದಿಯ ನಾಲ್ಕನೇ ಕ್ಲಿನಿಕ್ ತೆರೆಯಲು ಸಾಲ ಮಾಡುತ್ತಾರೆ, ಇಲ್ಲವೇ ಬೇರೆಯವರ ಕ್ಲಿನಿಕ್ಕಿನಲ್ಲಿ ಕಡಿಮೆ ಸಂಬಳಕ್ಕೆ ದುಡಿಯುತ್ತಾರೆ, ಇಲ್ಲವೇ ವೃತ್ತಿಯನ್ನೇ ಬಿಟ್ಟು ಮೆಡಿಕಲ್ ಕೋಡಿಂಗ್ ಕೆಲಸಕ್ಕೆ ಸೇರುತ್ತಾರೆ. ನ್ಯೂಜಿಲೆಂಡ್ 1921ರಲ್ಲೇ ಶಾಲಾ ಮಕ್ಕಳ ಹಲ್ಲು ತುಂಬಲು ದಂತ ದಾದಿಯರನ್ನು ತಯಾರು ಮಾಡಿತು. ಅಲಾಸ್ಕಾದ ಮೂಲನಿವಾಸಿಗಳು ವೈದ್ಯರೇ ಬಾರದ ತಮ್ಮ ಹಳ್ಳಿಗಳಿಗೆಂದು ತಮ್ಮದೇ ಯುವಕರನ್ನು ಅದೇ ನ್ಯೂಜಿಲೆಂಡಿಗೆ ಕಳಿಸಿ ತರಬೇತಿ ಕೊಡಿಸಿದರು. ಅವರಿಗೆ ವೈದ್ಯರಿರಲಿಲ್ಲ, ಅದಕ್ಕೆ ಆ ದಾರಿ ಹುಡುಕಿದರು. ನಮ್ಮಲ್ಲಿ ವೈದ್ಯರಿದ್ದಾರೆ, ಸಾಕಷ್ಟು ಹುದ್ದೆಗಳಿಲ್ಲ. ನಮ್ಮ ಸಮಸ್ಯೆ ಅವರದಕ್ಕಿಂತ ಎಷ್ಟೋ ಸುಲಭ.

ನನ್ನ ಬೇಡಿಕೆ ಇಷ್ಟೇ. ಪ್ರತಿ ಹೋಬಳಿಯ ಸಂತೆಯ ದಿನ, ಅದೇ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬ ದಂತವೈದ್ಯರು ಕೂರಬೇಕು. ವರ್ಷದ ಎಲ್ಲ ವಾರವೂ.

ಸಂತೆಯ ದಿನವೇ ಯಾಕೆ ಎಂದರೆ ಅವತ್ತು ಜನ ಹೇಗಿದ್ದರೂ ಬರುತ್ತಾರೆ. ಕೂಲಿ ಬಟವಾಡೆ ಆಗುವುದು ಎಷ್ಟೋ ಕಡೆ ಸಂತೆಯ ಲೆಕ್ಕದಲ್ಲೇ. ಕೈಯಲ್ಲಿ ಸ್ವಲ್ಪ ಹಣವಿರುತ್ತದೆ, ಗಾಡಿ ಸಿಗುತ್ತದೆ, ಮಕ್ಕಳನ್ನು ಕರೆತಂದಿರುತ್ತಾರೆ. ಹಲ್ಲಿಗೆಂದೇ ಬೇರೆ ದಿನ ಕೆಲಸ ಬಿಡಬೇಕಿಲ್ಲ. "ಮುಂದಿನ ಸಂತೆಗೆ ಬಾಮ್ಮಾ" ಎಂದರೆ ತಾರೀಖು ಬರೆದುಕೊಡುವುದೂ ಬೇಡ. ತರಕಾರಿ ಮಾರಲು ಬರುವವರು, ಕುರಿ ಮಾರಲು ಬರುವವರು, ಕೊಳ್ಳಲು ಬರುವವರು ಎಲ್ಲರಿಗೂ ಆ ದಿನ ನೆನಪಿರುತ್ತದೆ. ಸರ್ಕಾರಿ ಆಸ್ಪತ್ರೆಯ ವೇಳಾಪಟ್ಟಿಯನ್ನು ಜನ ನೆನಪಿಟ್ಟುಕೊಳ್ಳಲಿ ಎಂದು ಕಾಯುವ ಬದಲು, ಜನರ ವೇಳಾಪಟ್ಟಿಯನ್ನು ಆಸ್ಪತ್ರೆ ನೆನಪಿಟ್ಟುಕೊಳ್ಳಲಿ.

ವೈದ್ಯರು ಎಷ್ಟು ಬೇಕು? ರಾಜ್ಯದಲ್ಲಿ ಸುಮಾರು 750 ಹೋಬಳಿಗಳಿವೆ. ಅಕ್ಕಪಕ್ಕದ ಹೋಬಳಿಗಳ ಸಂತೆ ಸಾಮಾನ್ಯವಾಗಿ ಬೇರೆ ಬೇರೆ ವಾರ. ಸೋಮವಾರ ಒಂದು ಕಡೆ, ಬುಧವಾರ ಇನ್ನೊಂದು ಕಡೆ. ಒಬ್ಬ ವೈದ್ಯರು ವಾರಕ್ಕೆ ಐದು ಸಂತೆ ಸುತ್ತಿದರೆ 150 ಮಂದಿ ಸಾಕು. ಸಂತೆಗಳು ಒಂದೇ ದಿನ ಬೀಳುವ ಕಡೆ ಇನ್ನಷ್ಟು ಜನ ಬೇಕಾದೀತು, 200 ಎಂದೇ ಇಟ್ಟುಕೊಳ್ಳಿ. ನೂರು ಸೀಟಿನ ಎರಡು ಕಾಲೇಜುಗಳಿಂದ ಒಂದು ವರ್ಷಕ್ಕೆ ಹೊರಬರುವಷ್ಟು ಪದವೀಧರರು! ಜೊತೆಗೆ ಒಬ್ಬ ಸಹಾಯಕಿ, ಓಡಾಟಕ್ಕೆ ಭತ್ಯೆ, ಒಂದು ಪೆಟ್ಟಿಗೆ ಉಪಕರಣ.

ಪೆಟ್ಟಿಗೆಯ ವಿಷಯಕ್ಕೆ ಬರೋಣ, ಯಾಕೆಂದರೆ ಡ್ರಿಲ್ ಇಲ್ಲದೆ ಹಲ್ಲು ತುಂಬುವುದು ಹೇಗೆ ಎಂದು ಕೇಳುವವರಿದ್ದಾರೆ. 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ಕೆಲಸ ಮಾಡುತ್ತಿದ್ದ ಡಚ್ ದಂತವೈದ್ಯ ಯೋ ಫ್ರೆಂಕೆನ್ ಮತ್ತವರ ಸಂಗಡಿಗರಿಗೂ ಇದೇ ಪ್ರಶ್ನೆ ಎದುರಾಗಿತ್ತು. ಕರೆಂಟ್ ಇಲ್ಲದ ಹಳ್ಳಿಗಳಲ್ಲಿ ಅವರು ಹುಳುಕಿನ ಮೆತ್ತನೆಯ ಭಾಗವನ್ನು ಕೈ ಉಪಕರಣದಿಂದಲೇ ಕೆರೆದು ತೆಗೆದು, ಹಲ್ಲಿಗೆ ತಾನೇ ಅಂಟಿಕೊಳ್ಳುವ ಸಿಮೆಂಟ್ ತುಂಬುವ ಕ್ರಮವನ್ನು ರೂಢಿಗೆ ತಂದರು. ಗ್ಲಾಸ್ ಅಯನೊಮರ್ ಎಂಬ ಆ ಸಿಮೆಂಟ್ ಸ್ವಲ್ಪ ಸ್ವಲ್ಪವಾಗಿ ಫ್ಲೋರೈಡನ್ನೂ ಬಿಡುತ್ತದೆ. ಬಹುಪಾಲು ಮಕ್ಕಳಿಗೆ ಚುಚ್ಚುಮದ್ದೂ ಬೇಕಾಗುವುದಿಲ್ಲ. 1994ರಲ್ಲಿ ವಿಶ್ವ ಆರೋಗ್ಯ ದಿನದ ವಿಷಯವೇ ಬಾಯಿಯ ಆರೋಗ್ಯವಾಗಿತ್ತು, ಆ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಈ ವಿಧಾನವನ್ನು ಎತ್ತಿಹಿಡಿಯಿತು. ನಮ್ಮ ದಂತ ಕಾಲೇಜುಗಳಲ್ಲಿ ಇದನ್ನು ಕಲಿಸುತ್ತಾರೆ. ಆರನೇ ವರ್ಷದ ಆ ದವಡೆ ಹಲ್ಲಿನ ಗೀರುಗಳನ್ನು ಹುಳುಕುವ ಮೊದಲೇ ಮುಚ್ಚಲೂ ಇದೇ ಸಿಮೆಂಟ್ ಸಾಕು.

ಇನ್ನೊಂದು, ಸಿಲ್ವರ್ ಡಯಮೀನ್ ಫ್ಲೋರೈಡ್ ಎಂಬ ದ್ರಾವಣ. ಹಲ್ಲು ಒಣಗಿಸಿ ಗುಳಿಗೆ ಒಂದು ತೊಟ್ಟು ಸವರಿದರೆ ಬೆಳ್ಳಿಯ ಅಂಶ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಫ್ಲೋರೈಡ್ ಹಲ್ಲನ್ನು ಗಟ್ಟಿ ಮಾಡುತ್ತದೆ. ಕೆರೆಯುವುದಿಲ್ಲ, ಕೊರೆಯುವುದಿಲ್ಲ, ಮಗು ಅಳುವುದಿಲ್ಲ. ಆರು ತಿಂಗಳಿಗೊಮ್ಮೆ ಸವರಿದರೆ ಬಹುಪಾಲು ಹುಳುಕು ಅಲ್ಲಿಗೇ ನಿಲ್ಲುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಈ ದ್ರಾವಣವನ್ನೂ ಗ್ಲಾಸ್ ಅಯನೊಮರನ್ನೂ ಫ್ಲೋರೈಡ್ ಟೂತ್‌ಪೇಸ್ಟನ್ನೂ ಸೇರಿಸಿತು. ಒಂದು ತೊಂದರೆ ಇದೆ, ಅದನ್ನು ಮುಚ್ಚಿಡಬಾರದು: ಹುಳುಕಿದ ಜಾಗ ಶಾಶ್ವತವಾಗಿ ಕಪ್ಪಾಗುತ್ತದೆ. ದವಡೆ ಹಲ್ಲಿನಲ್ಲಿ ಯಾರಿಗೂ ಕಾಣದು. ಮುಂದಿನ ಹಲ್ಲಿನಲ್ಲಿ ಕಾಣುತ್ತದೆ. ತಾಯಿಗೆ ಮೊದಲೇ ಹೇಳಿ, ಫೋಟೋ ತೋರಿಸಿ, ಅವಳು ಒಪ್ಪಿದ ಮೇಲೆ ಹಚ್ಚಬೇಕು. ಬಡವರ ಮಗು ತಾನೇ, ಕಪ್ಪಾದರೇನು ಎಂಬ ಧೋರಣೆ ಬಂದರೆ ಆ ದಿನವೇ ಈ ಕಾರ್ಯಕ್ರಮ ಸತ್ತಂತೆ.

ಪೆಟ್ಟಿಗೆಯ ಚಿಕಿತ್ಸೆ ಎಲ್ಲದಕ್ಕೂ ಸಾಲದು. ನರಕ್ಕೆ ತಲುಪಿದ ಹುಳುಕು, ಮುರಿದ ದವಡೆ, ಬಾಯಲ್ಲಿ ವಾಸಿಯಾಗದ ಬಿಳಿ ಕಲೆ ಇದ್ದವರು ತಾಲ್ಲೂಕಿಗೆ ಹೋಗಲೇಬೇಕು. ಅದಕ್ಕೆ ಅಲ್ಲಿನ ಕುರ್ಚಿ ನಡೆಯುತ್ತಿರಬೇಕು. ಎಕ್ಸ್‌ರೇ ಯಂತ್ರ ಕೆಟ್ಟರೆ ಒಂದು ವಾರದಲ್ಲಿ ರಿಪೇರಿ ಆಗುವ ಒಪ್ಪಂದ ಇರಬೇಕು. ಹೋಬಳಿಯಿಂದ ಚೀಟಿ ತಂದವರು ಮತ್ತೆ ಸಾಲಿನ ಕೊನೆಗೆ ನಿಲ್ಲಬಾರದು.

ಮುದುಕರ ವಿಷಯದಲ್ಲಿ ಸಂತೆಯ ಲೆಕ್ಕ ಇನ್ನೂ ಚೆನ್ನಾಗಿ ಹೊಂದುತ್ತದೆ. ಹಿರಿಯ ಬಿಪಿಎಲ್ ನಾಗರಿಕರಿಗೆ ಉಚಿತ ಹಲ್ಲಿನ ಸೆಟ್ ಕೊಡುವ ದಂತ ಭಾಗ್ಯ ಯೋಜನೆ ನಮ್ಮಲ್ಲಿ ಸುಮಾರು ಒಂದು ದಶಕದಿಂದ ಇದೆ, ಆಮೇಲೆ ವಯಸ್ಸಿನ ಮಿತಿಯನ್ನೂ ಇಳಿಸಿದರು. ಬಹಳ ಮಾನವೀಯ ಯೋಜನೆ. ಆದರೆ ಪೂರ್ತಿ ಸೆಟ್ ಒಂದೇ ದಿನಕ್ಕೆ ಆಗುವುದಿಲ್ಲ. ಅಚ್ಚು ತೆಗೆಯಬೇಕು, ಇನ್ನೊಮ್ಮೆ ನಿಖರವಾದ ಅಚ್ಚು ತೆಗೆಯಬೇಕು, ದವಡೆಯ ಅಳತೆ ನೋಡಬೇಕು, ಮೇಣದಲ್ಲಿ ಜೋಡಿಸಿ ಇಟ್ಟು ನೋಡಬೇಕು, ಆಮೇಲೆ ಸೆಟ್ ಕೊಡಬೇಕು, ಒತ್ತಿ ಗಾಯವಾದ ಕಡೆ ಉಜ್ಜಿ ಸರಿಮಾಡಬೇಕು. ಐದಾರು ಸಲ ಕಾಲೇಜಿಗೆ ಹೋಗಿಬರುವ ಶಕ್ತಿ ಎಪ್ಪತ್ತು ದಾಟಿದವರಿಗೆ ಎಲ್ಲಿಂದ ಬರಬೇಕು? ಕರೆದೊಯ್ಯುವ ಮಗನ ಕೂಲಿ ಯಾರು ಕೊಡಬೇಕು? ಅಚ್ಚನ್ನೂ ಅಳತೆಯನ್ನೂ ಹೋಬಳಿಯಲ್ಲೇ ತೆಗೆದು, ಸೆಟ್ ಮಾತ್ರ ಕಾಲೇಜಿನ ಲ್ಯಾಬಿನಲ್ಲಿ ತಯಾರಾಗಿ ಬರುವಂತೆ ಮಾಡಿದರೆ ಐದಾರು ಸಂತೆಗಳಲ್ಲಿ ಕೆಲಸ ಮುಗಿಯುತ್ತದೆ. ಹಲ್ಲಿಲ್ಲದೆ ಬರೀ ಗಂಜಿ ಕುಡಿದು ಸೊರಗಿದ ಹಿರಿಯರಿಗೆ ಮತ್ತೆ ರೊಟ್ಟಿ ಪಲ್ಯ ತಿನ್ನಿಸುವುದು ಔಷಧಕ್ಕಿಂತ ದೊಡ್ಡ ಚಿಕಿತ್ಸೆ.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಓದುಗರು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ ಎಂದು ನನಗೆ ಗೊತ್ತು. ನಮ್ಮ ನೀರಿನಲ್ಲೇ ಫ್ಲೋರೈಡ್ ಹೆಚ್ಚಿದೆ, ನಮ್ಮ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದೆ, ನಮಗೆ ಮತ್ತೆ ಫ್ಲೋರೈಡ್ ಬೇಕೆ? ನ್ಯಾಯವಾದ ಪ್ರಶ್ನೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ನಮ್ಮ ದೇಶದ ಮಾನದಂಡ. ಆಳದ ಕೊಳವೆಬಾವಿಗಳು ಇದನ್ನು ಎಷ್ಟೋ ಕಡೆ ಮೀರಿವೆ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಆ ನೀರು ಕುಡಿದ ಮಗುವಿನ ಹಲ್ಲಿಗೆ ಕಲೆ ಬೀಳುತ್ತದೆ, ಹೆಚ್ಚು ಕಾಲ ಕುಡಿದವರ ಮೂಳೆ ಬಾಗುತ್ತದೆ. ಇದಕ್ಕೆ ದಂತವೈದ್ಯರು ಉತ್ತರ ಕೊಡಲಾರರು, ನದಿಯ ನೀರು ಕೊಡಬೇಕು, ಶುದ್ಧ ನೀರಿನ ಘಟಕ ಕೆಡದಂತೆ ನೋಡಿಕೊಳ್ಳಬೇಕು. ಅಂಥ ಊರುಗಳಲ್ಲಿ ಚಿಕ್ಕ ಮಕ್ಕಳ ಪೇಸ್ಟ್ ವಿಷಯದಲ್ಲಿ ವೈದ್ಯರ ಸಲಹೆ ಕೇಳಿ. ಬೇರೆಡೆ, ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು, ಉಗುಳಿಸಬೇಕು. ನಂಜನಗೂಡು ಹಲ್ಲುಪುಡಿಯಲ್ಲಿ ಹಲ್ಲುಜ್ಜಿ ಬೆಳೆದ ನಾಡು ನಮ್ಮದು, ಪುಡಿಯ ಮೇಲಿನ ಪ್ರೀತಿ ನನಗೂ ಇದೆ. ಇದ್ದಿಲು, ಬೂದಿ, ಇಟ್ಟಿಗೆ ಪುಡಿಗಳನ್ನು ಮಾತ್ರ ದಯವಿಟ್ಟು ಬಿಡಿ, ಅವು ಹಲ್ಲಿನ ಹೊರಪದರವನ್ನೇ ತಿಕ್ಕಿ ಸವೆಸುತ್ತವೆ.

ಹೊಸದಾಗಿ ಕಟ್ಟಬೇಕಾದ್ದು ಹೆಚ್ಚೇನೂ ಇಲ್ಲ ಎಂಬುದೇ ನನ್ನ ಭರವಸೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕೆಂಬ ನಿಯಮವಿದೆ. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹುಳುಕು ಹಲ್ಲೂ ಇದೆ. ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ ಜೊತೆ ಬಾಯಿ ಕ್ಯಾನ್ಸರ್ ತಪಾಸಣೆಯೂ ಹಳ್ಳಿಯ ಆರೋಗ್ಯ ಕೇಂದ್ರದ ಕೆಲಸ. ಆಯುಷ್ಮಾನ್ ಆರೋಗ್ಯ ಮಂದಿರಗಳ ಹನ್ನೆರಡು ಸೇವೆಗಳಲ್ಲಿ ಬಾಯಿಯ ಆರೋಗ್ಯ ಒಂದು. ತಾಯಿ ಕಾರ್ಡ್ ಹಿಡಿದು ಬರುವ ಬಸುರಿಯರಲ್ಲಿ ಎಷ್ಟೋ ಮಂದಿಗೆ ಒಸಡಿನಲ್ಲಿ ರಕ್ತ ಬರುತ್ತದೆ. ಆಶಾ ಕಾರ್ಯಕರ್ತೆಗೆ ಇವರೆಲ್ಲರ ಮನೆ ಗೊತ್ತು. ಅವಳು ಕಂಡುಹಿಡಿದ ಹುಳುಕನ್ನು ಎಲ್ಲಿಗೆ ಕಳಿಸಬೇಕು ಎಂಬುದಕ್ಕೆ ಮಾತ್ರ ಇಂದು ಹತ್ತಿರದ ಉತ್ತರವಿಲ್ಲ. ಸಂತೆಯ ದಿನದ ವೈದ್ಯರು ಇದ್ದರೆ ಅವಳ ಚೀಟಿಗೆ ಬೆಲೆ ಬರುತ್ತದೆ.

ಓದುಗರು ಮಾಡಬಹುದಾದ್ದು ಇದೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಕಳೆದ ವರ್ಷ ದಂತ ವಿಭಾಗದಲ್ಲಿ ಎಷ್ಟು ಹಲ್ಲು ಕಿತ್ತಿರಿ, ಎಷ್ಟು ಹಲ್ಲು ತುಂಬಿದಿರಿ, ತುಂಬುವ ಸಾಮಗ್ರಿ ಎಷ್ಟು ದಿನ ಇರಲಿಲ್ಲ ಎಂದು ಕೇಳಿ. ಬಂದ ಉತ್ತರವನ್ನು ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ಒಯ್ಯಿರಿ, ಗ್ರಾಮಸಭೆಯಲ್ಲಿ ಓದಿ. ನಿಮ್ಮ ಹೋಬಳಿಯ ಸಂತೆ ಯಾವ ವಾರ ಎಂಬುದನ್ನು ಸೇರಿಸಿ, ಆ ದಿನಕ್ಕೆ ದಂತವೈದ್ಯರು ಬೇಕೆಂದು ಠರಾವು ಮಾಡಿ ಶಾಸಕರಿಗೂ ಜಿಲ್ಲಾ ಆರೋಗ್ಯಾಧಿಕಾರಿಗೂ ಕಳಿಸಿ. ಕಿತ್ತದ್ದು ಮತ್ತು ತುಂಬಿದ್ದು, ಈ ಎರಡು ಸಂಖ್ಯೆಗಳನ್ನು ನನಗೂ ಬರೆದು ತಿಳಿಸಿ. ತಾಲ್ಲೂಕುವಾರು ಅವನ್ನು ಈ ಅಂಕಣದಲ್ಲಿ ಪ್ರಕಟಿಸುತ್ತೇನೆ.